ಬೆನ್ನ ಮೇಲಿನ ಅಂಕಿ

ನಮ್ಮ ಶಾಲೆಯಲ್ಲಿ ಕಲಿತ ಪ್ರತಿಯೊಬ್ಬರಿಗೂ ಎರಡು ಸಂಖ್ಯೆಗಳು ದೊರೆತಿವೆ. ಒಂದು ದಾಖಲಾತಿ ಪುಸ್ತಕದ ಸಂಖ್ಯೆ. ವರ್ಗಾವಣೆ ಪತ್ರದ ಮೂಲೆಯಲ್ಲಿ ಕುಳಿತು ಅದು ಜೀವನವಿಡೀ ನಮ್ಮೊಡನೆ ಬರುತ್ತದೆ. ಇನ್ನೊಂದು ಹಾಜರಿ ಸಂಖ್ಯೆ. ಅದು ವರ್ಷಕ್ಕೊಮ್ಮೆ ಬದಲಾಗುತ್ತದೆಯಾದರೂ ಆ ವರ್ಷದ ಮಟ್ಟಿಗೆ ಅದೇ ನಮ್ಮ ಹೆಸರು. ಇವೆರಡಲ್ಲದೆ ಕೆಲವೇ ಹುಡುಗರಿಗೆ, ಒಂದು ಸಲಕ್ಕೆ ಹನ್ನೊಂದು ಮಂದಿಗೆ ಮಾತ್ರ, ಮೂರನೆಯ ಸಂಖ್ಯೆಯೊಂದು ಸಿಗುತ್ತಿತ್ತು. ಅದನ್ನು ಬೆನ್ನ ಮೇಲೆ ಹೊತ್ತು ಓಡಬೇಕಾಗಿತ್ತು. ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಗುರುಗಳನ್ನೂ ಫಲಿತಾಂಶಗಳನ್ನೂ ಕುರಿತು ಬರೆಯಲು ನನಗಿಂತ ಯೋಗ್ಯರು ಇದ್ದಾರೆ. ನಾನು ಆ ಹನ್ನೊಂದು ಅಂಗಿಗಳನ್ನು ಕುರಿತು ಬರೆಯುತ್ತೇನೆ.

ಬೆಳುಗುಪ್ಪದ ಸುತ್ತಿನ ನೆಲ ಬಲ್ಲವರಿಗೆ ನಮ್ಮ ಆಟದ ಬಯಲನ್ನು ಬಣ್ಣಿಸುವ ಅಗತ್ಯವಿಲ್ಲ. ಹುಲ್ಲೆಂಬುದು ಮಳೆಗಾಲದ ಎರಡು ತಿಂಗಳ ಅತಿಥಿ. ಉಳಿದಂತೆ ಕೆಂಪು ಮಣ್ಣು, ಬೆಣಚು ಕಲ್ಲು. ದೇಶದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ನಮ್ಮದೊಂದು. ಶೇಂಗಾ ಕಿತ್ತ ದಿನಗಳಲ್ಲಿ ಬಯಲಿನ ಅಂಚಿನವರೆಗೂ ಬಳ್ಳಿಯ ಬಣವೆಗಳು ಬರುತ್ತಿದ್ದವು. ಚೆಂಡು ಬಣವೆಗೆ ಬಿದ್ದರೆ ಅದು ‘ಔಟ್’ ಎಂಬುದು ನಮ್ಮದೇ ಕಾನೂನು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿದ ಮೇಲೆ ಈ ಭಾಗದ ಮನೆಮಾತು ಒಂದು, ಕಚೇರಿಯ ಮಾತು ಇನ್ನೊಂದು ಆಯಿತಷ್ಟೆ. ಕನ್ನಡ ಶಾಲೆಯ ಮಕ್ಕಳು ಪಂದ್ಯಕ್ಕೆ ಹೋದಲ್ಲೆಲ್ಲ ಎದುರಾಳಿಗಳೂ ತೀರ್ಪುಗಾರರೂ ತೆಲುಗು ಮಾತನಾಡುವವರೇ. ಅದರಿಂದ ನಮಗೆ ತೊಂದರೆಯೇನೂ ಆದದ್ದಿಲ್ಲ. ಬಯ್ಯಲು ಎರಡು ಭಾಷೆ ಗೊತ್ತಿದ್ದರೆ ಆಟಗಾರನಿಗೆ ಅನುಕೂಲವೇ.

ನಮ್ಮ ಡ್ರಿಲ್ ಮೇಷ್ಟ್ರು ಗುಂತಕಲ್ಲಿನಲ್ಲಿ ಓದಿದವರು. ಅಲ್ಲಿ ರೈಲ್ವೆಯವರ ಆಟ ನೋಡುತ್ತ ಬೆಳೆದಿದ್ದರಿಂದ ಕಾಲ್ಚೆಂಡಿನ ಹುಚ್ಚು ಅವರಿಗೆ ಚಿಕ್ಕಂದಿನಲ್ಲಿಯೇ ಹತ್ತಿತ್ತು. 1982ರಲ್ಲಿ, ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಅವರು ಸ್ವಂತ ಹಣದಿಂದ ಹನ್ನೊಂದು ಬಿಳಿಯ ಬನಿಯನ್ನುಗಳನ್ನು ಕೊಂಡು ಹಳದಿ ಬಣ್ಣದಲ್ಲಿ ಅದ್ದಿಸಿದರು. ಊರಿನ ದರ್ಜಿ ಕೆಂಪು ಬಟ್ಟೆಯಲ್ಲಿ ಅಂಕಿಗಳನ್ನು ಕತ್ತರಿಸಿ ಬೆನ್ನಿಗೆ ಹೊಲಿದುಕೊಟ್ಟ. ಅಂಕಿಗಳು ಯಾವ ಲಿಪಿಯಲ್ಲಿರಬೇಕೆಂಬ ಚರ್ಚೆ ಶಿಕ್ಷಕರ ಕೋಣೆಯಲ್ಲಿ ಎರಡು ದಿನ ನಡೆಯಿತಂತೆ. ಕನ್ನಡ ಪಂಡಿತರು ಕನ್ನಡದ ಅಂಕಿಗಳೇ ಆಗಬೇಕೆಂದು ಪಟ್ಟು ಹಿಡಿದರು. ತೀರ್ಪುಗಾರರಿಗೆ ಓದಲು ಬಾರದೇ ಹೋದರೆ ಎಂದು ಮುಖ್ಯೋಪಾಧ್ಯಾಯರು ಅನುಮಾನಿಸಿದರಂತೆ. ಆಗ ಪಂಡಿತರು ಕರಿಹಲಗೆಯ ಮೇಲೆ ಕನ್ನಡದ ಅಂಕಿಗಳನ್ನೂ ಅವುಗಳ ಕೆಳಗೆ ತೆಲುಗಿನ ಅಂಕಿಗಳನ್ನೂ ಬರೆದು ತೋರಿಸಿದರು. ಕೊಂಚ ತಿರುವು ಮುರುವುಗಳನ್ನು ಬಿಟ್ಟರೆ ಎರಡೂ ಒಂದೇ. ರಾಯದುರ್ಗದಲ್ಲಿ ನಡೆದ ಮೊದಲ ಪಂದ್ಯದಲ್ಲಿ ತೀರ್ಪುಗಾರರು ನಮ್ಮ ೭ನ್ನು ತೆಲುಗಿನಲ್ಲಿ ‘ಏಡು’ ಎಂದು ಸರಾಗವಾಗಿ ಕೂಗಿ ಕರೆದರು. ಪಂಡಿತರು ಗೆರೆಯ ಆಚೆ ನಿಂತು ಗೆದ್ದವರಂತೆ ತಲೆಯಾಡಿಸಿದರು. ಆ ಪಂದ್ಯದಲ್ಲಿ ನಾವು ಸೋತೆವು. ಅದು ಅವರ ಗಮನಕ್ಕೆ ಬರಲೇ ಇಲ್ಲ.

ಅಂಗಿಗಳು ಬಂದ ದಿನ ನಾವೆಲ್ಲ ನಮಗೆ ಪ್ರಿಯವಾದ ಅಂಕಿಯನ್ನು ಹಿಡಿಯಲು ಮುಗಿಬಿದ್ದೆವು. ಮೇಷ್ಟ್ರು ಗಂಟನ್ನು ಮತ್ತೆ ಕಟ್ಟಿ, ಸುಣ್ಣದ ಪುಡಿಯಿಂದ ನೆಲದ ಮೇಲೆ ಹನ್ನೊಂದು ಗುರುತುಗಳನ್ನು ಹಾಕಿದರು. ಹಿಂದೆ ಒಂದು, ಅದರ ಮುಂದೆ ಎರಡು, ಆಮೇಲೆ ಮೂರು, ತುದಿಯಲ್ಲಿ ಐದು. ಬಳಿಕ ಹಿಂದಿನಿಂದ ಮುಂದಕ್ಕೆ, ಪ್ರತಿ ಸಾಲಿನಲ್ಲಿಯೂ ಬಲದಿಂದ ಎಡಕ್ಕೆ ಎಣಿಸುತ್ತ ಹೋದರು. ಗೋಲ್‌ಕೀಪರ್ 1. ಬಲಗಡೆಯ ಬ್ಯಾಕ್ 2, ಎಡಗಡೆಯವನು 3. ಹಾಫ್‌ಗಳು ಬಲದಿಂದ 4, 5, 6. ಮುಂದಿನ ಸಾಲಿನಲ್ಲಿ ಬಲ ಅಂಚಿನವನು 7, ಅವನ ಒಳಗಿನವನು 8, ನಟ್ಟನಡುವಿನ ಸೆಂಟರ್ ಫಾರ್ವರ್ಡ್ 9, ಎಡ ಒಳಗಿನವನು 10, ಎಡ ಅಂಚಿನವನು 11. “ಅಂಕಿ ನಿಮ್ಮದಲ್ಲ, ಈ ಸುಣ್ಣದ ಗುರುತಿನದು. ಯಾರು ಇಲ್ಲಿ ನಿಲ್ಲುತ್ತಾನೋ ಅವನು ಅದನ್ನು ಹಾಕಿಕೊಳ್ಳುತ್ತಾನೆ,” ಎಂದರು. ನಾನು ಎಡಗಾಲಿನವನಾದ್ದರಿಂದ ನನಗೆ ೩ ಬಂತು.

ಈ ಲೆಕ್ಕ ಮೇಷ್ಟ್ರು ಹುಟ್ಟುಹಾಕಿದ್ದಲ್ಲ. 1928ರ ಆಗಸ್ಟ್ 25ರಂದು ಇಂಗ್ಲೆಂಡಿನಲ್ಲಿ ಆರ್ಸೆನಲ್ ಮತ್ತು ಚೆಲ್ಸಿ ತಂಡಗಳು ತಮ್ಮ ತಮ್ಮ ಪಂದ್ಯಗಳಲ್ಲಿ ಅಂಗಿಯ ಬೆನ್ನಿಗೆ ಅಂಕಿ ಹಚ್ಚಿಕೊಂಡು ಆಡಿದವು. ದೂರದಲ್ಲಿ ಕುಳಿತವರಿಗೆ ಯಾರು ಯಾರೆಂದು ತಿಳಿಯಲಿ ಎಂಬುದಷ್ಟೇ ಉದ್ದೇಶ. 1933ರ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಎವರ್ಟನ್ ತಂಡಕ್ಕೆ 1ರಿಂದ 11, ಮ್ಯಾಂಚೆಸ್ಟರ್ ಸಿಟಿ ತಂಡಕ್ಕೆ 12ರಿಂದ 22 ಕೊಟ್ಟಿದ್ದರು. ಎರಡೂ ತಂಡಗಳಲ್ಲಿ 1 ಇದ್ದರೆ ಗೊಂದಲವಾದೀತೆಂದು ಭಾವಿಸಿದ್ದರೇನೋ! 1939ರಲ್ಲಿ ಅಲ್ಲಿನ ಲೀಗ್ ಅಂಕಿಗಳನ್ನು ಕಡ್ಡಾಯಗೊಳಿಸಿತು.

ಆದರೆ ಆಟ ಒಂದೆಡೆ ನಿಲ್ಲುವುದಿಲ್ಲ, ಅಂಕಿ ನಿಲ್ಲುತ್ತದೆ. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲಗೊಂಡು ಗೋಲುಗಳ ಸುರಿಮಳೆಯಾದಾಗ ಇಂಗ್ಲೆಂಡಿನ ತಂಡಗಳು ನಡುವಣ ಹಾಫ್ ಆಟಗಾರನನ್ನು ಹಿಂದಕ್ಕೆ ಎಳೆದು ಇಬ್ಬರು ಬ್ಯಾಕ್‌ಗಳ ನಡುವೆ ಕಾವಲಿಗೆ ನಿಲ್ಲಿಸಿದವು. ಅವನಿಗೆ ಬಂದ 5 ಮಾತ್ರ ಬದಲಾಗಲಿಲ್ಲ. ಹೀಗಾಗಿ ಅಲ್ಲಿ ಹಿಂದಿನ ಸಾಲನ್ನು ಓದಿದರೆ 2, 5, 3 ಎಂದಾಗುತ್ತದೆ. ಕೂಡುವ ಲೆಕ್ಕ ಬಲ್ಲ ಮಗುವಿಗೂ ಇದು ವಿಚಿತ್ರ. ಅರ್ಜೆಂಟೀನದಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ 5 ಇಂದಿಗೂ ಮಧ್ಯರಂಗದ ಯಜಮಾನನ ಅಂಕಿ. ಒಂದೇ ಅಂಕಿ, ಎರಡು ದೇಶ, ಎರಡು ಕೆಲಸ. ಅದೇ 1982ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನದವರು ಆಟಗಾರರ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಬರೆದು ಅಂಕಿಗಳನ್ನು ಹಂಚಿದ್ದರು. ಆ ಲೆಕ್ಕದಲ್ಲಿ ಮಧ್ಯರಂಗದ ಆರ್ಡಿಲೆಸ್‌ಗೆ 1, ಗೋಲ್‌ಕೀಪರ್ ಫಿಲ್ಲೋಲ್‌ಗೆ 7 ಬಂದವು. ಮರಡೋನ ಒಬ್ಬನಿಗೆ ಮಾತ್ರ ಕ್ರಮ ಮುರಿದು 10 ಕೊಟ್ಟರು. ವಾರಪತ್ರಿಕೆಯೊಂದರ ಚಿತ್ರದಲ್ಲಿ 1 ತೊಟ್ಟವನು ಮೈದಾನದ ನಡುವೆ ಓಡುತ್ತಿರುವುದನ್ನು ಕಂಡು ನಮ್ಮ ಮೇಷ್ಟ್ರು ಆ ಹಾಳೆಯನ್ನು ಬಹಳ ಹೊತ್ತು ನೋಡಿ, “ಇದು ಹಾಜರಿ ಪುಸ್ತಕ, ತಂಡವಲ್ಲ,” ಎಂದದ್ದು ನನಗೆ ಚೆನ್ನಾಗಿ ನೆನಪಿದೆ.

ಹಾಗೆ ನೋಡಿದರೆ 10ರ ಮಹಿಮೆಯೂ ಆಕಸ್ಮಿಕವೇ. 1958ರಲ್ಲಿ ಸ್ವೀಡನ್ನಿಗೆ ಹೋದ ಬ್ರೆಜಿಲ್ ತಂಡದ ಅಂಕಿಗಳಲ್ಲಿ ಯಾವ ಕ್ರಮವೂ ಇರಲಿಲ್ಲ. ಗೋಲ್‌ಕೀಪರ್ ಗಿಲ್ಮಾರ್‌ಗೆ 3 ಬಂದಿತ್ತು. 17 ವರ್ಷದ ಪೆಲೆಗೆ 10 ಬಂದಿತ್ತು. ಪೆಲೆ ಆಡಿದ ರೀತಿಗೆ ಆ ಅಂಕಿಗೆ ಬೆಲೆ ಬಂತೇ ಹೊರತು ಅಂಕಿಯಿಂದ ಪೆಲೆಗಲ್ಲ. ನಮ್ಮವರ ಚರಿತ್ರೆಯಲ್ಲಿ ಅಂಕಿಗಿಂತ ಕಾಲಿನ ಮಾತೇ ಹೆಚ್ಚು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಒಲಿಂಪಿಕ್ ಕಾಲ್ಚೆಂಡಿನ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಂದು ನಮ್ಮ ತಂಡದ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಮೇಷ್ಟ್ರು ಈ ಕಥೆಯನ್ನು ನಮಗೆ ಹೇಳುತ್ತಿದ್ದುದು ಚರಿತ್ರೆಯ ಪ್ರೀತಿಯಿಂದಲೋ ಅಥವಾ ನಮ್ಮಲ್ಲಿ ಯಾರಿಗೂ ಬೂಟುಗಳಿರಲಿಲ್ಲವೆಂದೋ ಈಗ ಹೇಳಲಾರೆ.

ನಮ್ಮ ೫ನ್ನು ಕುರಿತು ಹೇಳಬೇಕು. ಅವನ ಹೆಸರು ಬೇಡ. ನನ್ನ ಓರಗೆಯವರಿಗೆಲ್ಲ ಗೊತ್ತು. ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ. ನನ್ನ ಹಾಜರಿ ಸಂಖ್ಯೆ 18, ಅವನದು 19. ಮೈದಾನದಲ್ಲಿ ಅವನು ನನ್ನ ಮುಂದೆ ಬಲಕ್ಕೆ ನಿಲ್ಲುತ್ತಿದ್ದ. ಹಳೆಯ ಪದ್ಧತಿಯ ನಡುವಣ ಹಾಫ್ ಎಂದರೆ ಬೇಸಾಯದ ಮನೆಯ ಹಿರಿಯ ಮಗನಿದ್ದಂತೆ. ಹಿಂದೆ ಬಿದ್ದ ಕೆಲಸವೂ ಅವನದೇ, ಮುಂದೆ ಆಗಬೇಕಾದ ಕೆಲಸವೂ ಅವನದೇ. ಅವನು ಎರಡನ್ನೂ ಮಾಡುತ್ತಿದ್ದ. ತಲೆಯಿಂದ ಚೆಂಡು ಹೊಡೆದರೆ ಅದು ಹೇಳಿದ ಕಡೆಗೆ ಹೋಗುತ್ತಿತ್ತು. ನನ್ನ ಕಡೆಯಿಂದ ಎದುರಾಳಿ ತಪ್ಪಿಸಿಕೊಂಡು ಹೋದಾಗ ಹಿಂದಿರುಗಿ ನೋಡುವಷ್ಟರಲ್ಲಿ ಅವನು ಅಲ್ಲಿರುತ್ತಿದ್ದ.

ನಾವು ಹತ್ತನೆಯ ತರಗತಿಗೆ ಬಂದ ವರ್ಷ ಮಳೆ ಕೈಕೊಟ್ಟಿತು. ಶೇಂಗಾ ಹೂ ಬಿಟ್ಟು ಊಡು ಇಳಿಯುವ ಹೊತ್ತಿಗೆ ನೆಲ ಗಟ್ಟಿಯಾಗಿತ್ತು. ದಸರೆಯ ರಜೆ ಮುಗಿದು ಶಾಲೆ ತೆರೆದಾಗ ಅವನ ಮನೆಯವರು ಬೆಂಗಳೂರಿಗೆ ಕಟ್ಟಡದ ಕೂಲಿಗೆ ಹೊರಟಿದ್ದರು. ಹೋಗುವ ಮುನ್ನಾದಿನ ಅವನು ಅಂಗಿಯನ್ನು ಒಗೆದು, ಮಡಿಸಿ, ಮೇಷ್ಟ್ರ ಮೇಜಿನ ಮೇಲೆ ಇಟ್ಟು ಹೋದ. ತರಗತಿಯ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಅಲ್ಲಿಂದ ಮುಂದೆ ಹಾಜರಿ ಕರೆಯುವಾಗ 18ರ ಬಳಿಕ 20 ಬರುತ್ತಿತ್ತು. ಆ ವರ್ಷ ಮುಗಿಯುವವರೆಗೂ 19 ಯಾರಿಗೂ ಸೇರಲಿಲ್ಲ. ಕೂಗಿನ ನಡುವೆ ಬೀಳುತ್ತಿದ್ದ ಆ ಚಿಕ್ಕ ತೆರಪನ್ನು ನಾನು ದಿನವೂ ಕೇಳಿಸಿಕೊಳ್ಳುತ್ತಿದ್ದೆ.

ಅದೇ ವಾರ ಕಲ್ಯಾಣದುರ್ಗದಲ್ಲಿ ಪಂದ್ಯವಿತ್ತು. ಮೇಷ್ಟ್ರು ಒಂಬತ್ತನೆಯ ತರಗತಿಯ ಹುಡುಗನೊಬ್ಬನನ್ನು ಕರೆದು ೫ನ್ನು ಅವನ ಕೈಗೆ ಕೊಟ್ಟರು. ನಾವು ನಾಲ್ಕೈದು ಮಂದಿ ಹೋಗಿ, “ಸಾರ್, ಅದೊಂದು ಅಂಗಿ ಹಾಗೇ ಇರಲಿ. ಇವನಿಗೆ ಅಂಕಿಯಿಲ್ಲದ ಬನಿಯನ್ ಕೊಡಿ,” ಎಂದು ಕೇಳಿಕೊಂಡೆವು. ಮೇಷ್ಟ್ರು ಸಿಟ್ಟಾಗಲಿಲ್ಲ. “ಏನಪ್ಪಾ, ಅಂಗಿ ಗಂಟಿನಲ್ಲಿದ್ದರೆ ನಡುವಿನ ಜಾಗದಲ್ಲಿ ಯಾರು ನಿಲ್ಲಬೇಕು? ನೀನು ನಿಲ್ತೀಯಾ?” ಎಂದು ನನ್ನನ್ನು ಕೇಳಿದರು. ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಹುಡುಗ ಅಂಗಿ ತೊಟ್ಟ. ಅದು ಅವನ ಮೊಣಕಾಲಿನ ಹತ್ತಿರದವರೆಗೂ ಬರುತ್ತಿತ್ತು.

ಬಹಳ ವರ್ಷಗಳ ಅನಂತರ ಅಂಕಿ ಹಂಚುವ ಇನ್ನೊಂದು ಬಗೆಯನ್ನು ಕಾಣುವ ಸಂದರ್ಭ ಬಂತು. ನನ್ನ ಸೋದರಳಿಯ ಅಮೆರಿಕದ ಮಿಷಿಗನ್ ರಾಜ್ಯದಲ್ಲಿದ್ದಾನೆ. 2022ರಲ್ಲಿ ಅವನ ಮನೆಗೆ ಹೋಗಿದ್ದಾಗ, “ಮಾವ, ಇಲ್ಲಿಯವರ ಜಾತ್ರೆ ನೋಡಬೇಕು ಬನ್ನಿ,” ಎಂದು ಆ್ಯನ್ ಆರ್ಬರ್‌ನ ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದ. ಕಾಲೇಜು ಹುಡುಗರ ಆಟ. ನೋಡಲು 1,07,601 ಆಸನಗಳು! ಅವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಲ್ಲ. ಚೆಂಡು ಕಾಲಿಗೆ ತಾಗುವುದೇ ಅಪರೂಪ. ಮೊದಲ ಅರ್ಧ ಗಂಟೆ ನನಗೆ ತಿಳಿದದ್ದು ಇಷ್ಟೇ: ಹನ್ನೊಂದು ಮಂದಿ ಇನ್ನೊಂದು ಹನ್ನೊಂದು ಮಂದಿಯ ಮೇಲೆ ಬೀಳುತ್ತಾರೆ. ಆಮೇಲೆ ಅಳಿಯ ಅಂಕಿಗಳನ್ನು ನೋಡಿ ಆಟ ಓದುವುದನ್ನು ಕಲಿಸಿದ. ಅಲ್ಲಿಂದ ನನಗೂ ರುಚಿ ಹತ್ತಿತು.

ಆ ಆಟದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಬಹುದು. 1906ರಲ್ಲಿ ಬಂದ ನಿಯಮವದು. ಆದರೆ ಎಸೆದ ಚೆಂಡನ್ನು ಹಿಡಿಯುವ ಹಕ್ಕು ತಂಡದ ಎಲ್ಲರಿಗೂ ಇಲ್ಲ. ಚೆಂಡು ಇಟ್ಟ ಸಾಲಿನಲ್ಲಿ ಗೋಡೆಯಂತೆ ನಿಂತು ಎದುರಾಳಿಯನ್ನು ತಡೆಯುವ ನಡುವಿನ ಐವರಿಗೆ ಆ ಹಕ್ಕಿಲ್ಲ. ಅವರು ಸಾಮಾನ್ಯವಾಗಿ 50ರಿಂದ 79ರ ಒಳಗಿನ ಅಂಕಿಯನ್ನೇ ತೊಡಬೇಕೆಂದು 1960ರ ದಶಕದಲ್ಲಿ ಕಾಲೇಜು ಆಟದ ನಿಯಮವಾಯಿತು. ನಟ್ಟನಡುವೆ ಕುಳಿತು ಚೆಂಡನ್ನು ಹಿಂದಕ್ಕೆ ಕೊಡುವವನಿಗೆ ಬಹುಮಟ್ಟಿಗೆ 50ರ ಸಾಲು, ಅವನ ಅಕ್ಕಪಕ್ಕದವರಿಗೆ 60ರದು, ಅವರಾಚೆಯ ದಾಂಡಿಗರಿಗೆ 70ರದು, ತುದಿಯಲ್ಲಿ ನಿಲ್ಲುವವರಿಗೆ 80ರದು ರೂಢಿ. ಚೆಂಡು ಎಸೆಯುವ ನಾಯಕನೂ ಹೊತ್ತು ಓಡುವವರೂ 50ಕ್ಕಿಂತ ಕೆಳಗಿನವರು. ಇಷ್ಟೆಲ್ಲ ಏಕೆಂದರೆ, ಇಪ್ಪತ್ತೆರಡು ಮಂದಿ ಒಂದೇ ಕ್ಷಣದಲ್ಲಿ ನುಗ್ಗುವಾಗ ಚೆಂಡು ಹಿಡಿದವನು ಹಿಡಿಯತಕ್ಕವನೇ ಅಲ್ಲವೇ ಎಂಬುದನ್ನು ತೀರ್ಪುಗಾರ ಅಂಕಿಯಿಂದಲೇ ತಿಳಿಯಬೇಕು. ನಮ್ಮಲ್ಲಿ ಅಂಕಿ ಗುರುತಿಗೆ ಹುಟ್ಟಿದರೆ ಅಲ್ಲಿ ಅದು ಪರವಾನಗಿ.

ಇನ್ನೊಂದು ವಿಶೇಷ. ಒಂದೊಂದು ಕಾಲೇಜು ತಂಡದಲ್ಲಿ ನೂರರ ಆಜುಬಾಜು ಆಟಗಾರರು. ಎರಡು ಸ್ಥಾನದ ಅಂಕಿಗಳು ಸಾಲದೇ ಬಂದಾಗ ಇಬ್ಬರಿಗೆ ಒಂದೇ ಅಂಕಿ ಕೊಡುತ್ತಾರೆ. ಇಬ್ಬರೂ ಒಟ್ಟಿಗೆ ಮೈದಾನಕ್ಕೆ ಇಳಿಯಬಾರದು, ಅಷ್ಟೆ. ದಾಳಿಗೆ ಒಬ್ಬ 5, ರಕ್ಷಣೆಗೆ ಇನ್ನೊಬ್ಬ 5. 2020ರಲ್ಲಿ ಸೊನ್ನೆಯನ್ನೂ ತೊಡಲು ಅನುಮತಿ ಕೊಟ್ಟರು. ನಮ್ಮ ಗಣಿತದ ಮೇಷ್ಟ್ರು ಇದನ್ನು ಕೇಳಿದ್ದರೆ ಸಂತೋಷಪಡುತ್ತಿದ್ದರು. ಅವರು ಸೊನ್ನೆಯನ್ನು ಉತ್ತರ ಪತ್ರಿಕೆಗಳ ಮೇಲೆ ಮಾತ್ರ ಕೊಡುತ್ತಿದ್ದರು.

ನಿಯಮ ಬರುವ ಮೊದಲು ಅಲ್ಲಿಯೂ ಅಂಕಿಗಳಿಗೆ ಹಿಡಿತವಿರಲಿಲ್ಲ. 1920ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಆಡಿದ ರೆಡ್ ಗ್ರೇಂಜ್ ಎಂಬ ಮಿಂಚಿನ ಓಟಗಾರ 77 ತೊಟ್ಟಿದ್ದ. ಅದು ಹೇಗೆ ಬಂತೆಂದು ಕೇಳಿದವರಿಗೆ, ಸಾಲಿನಲ್ಲಿ ತನ್ನ ಮುಂದಿದ್ದವನಿಗೆ 76, ಹಿಂದಿದ್ದವನಿಗೆ 78 ಸಿಕ್ಕಿತೆಂದು ಅವನು ಹೇಳುತ್ತಿದ್ದನಂತೆ. ನಾನು ನೋಡಿದ ಆ ಕ್ರೀಡಾಂಗಣದ ವೀರ ಟಾಮ್ ಹಾರ್ಮನ್. 1940ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನೆಂದು ಹೈಸ್‌ಮನ್ ಪ್ರಶಸ್ತಿ ಪಡೆದವನು. ಅವನ ಅಂಕಿ 98. ಅದನ್ನು ಆ ವಿಶ್ವವಿದ್ಯಾಲಯ ಗೌರವಾರ್ಥವಾಗಿ ನಿವೃತ್ತಗೊಳಿಸಿತು. ಅಳಿಯ ಇದನ್ನು ಹೆಮ್ಮೆಯಿಂದ ಹೇಳಿದಾಗ ನಾನು ಸುಮ್ಮನೆ ತಲೆದೂಗಿದೆ. ನಾವು ಮೇಷ್ಟ್ರನ್ನು ಅಂದು ಕೇಳಿಕೊಂಡದ್ದು ಅದನ್ನೇ! ನೂರು ಮಂದಿ ಆಟಗಾರರಿರುವಲ್ಲಿ ಒಂದು ಅಂಗಿಯನ್ನು ಗಾಜಿನ ಕಪಾಟಿನಲ್ಲಿ ಇಡಬಹುದು. ಹನ್ನೊಂದೇ ಅಂಗಿಗಳಿರುವಲ್ಲಿ ಇಡಲು ಬರುವುದಿಲ್ಲ. ಈ ವಿಷಯದಲ್ಲಿ ನಮ್ಮ ಮೇಷ್ಟ್ರೇ ಸರಿ ಎಂದು ನನಗೆ ಅನ್ನಿಸಿದ್ದು ಬೆಳುಗುಪ್ಪದಲ್ಲಲ್ಲ, ಆ ಲಕ್ಷ ಜನರ ನಡುವೆ.

ನಮ್ಮ ದೇಶದ ಆಟದಲ್ಲಿಯೂ ಈಗ ಅಂಕಿ ವ್ಯಕ್ತಿಯದೇ ಆಗಿದೆ. 1993ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರನಿಗೆ ಋತುವಿನುದ್ದಕ್ಕೂ ಒಂದೇ ಅಂಕಿ ಎಂದು ಗೊತ್ತುಮಾಡಿದ ಮೇಲೆ ಎಲ್ಲೆಡೆ ಅದೇ ನಡೆದಿದೆ. ಬೆಂಗಳೂರು ತಂಡದ ಸುನಿಲ್ ಛೆಟ್ರಿ ಎಂದರೆ 11. ಅವರು ಎಡ ಅಂಚಿನಲ್ಲಿ ಆಡಲಿ, ನಡುವೆ ಆಡಲಿ. ಕ್ರಿಕೆಟ್ಟಿನಲ್ಲಂತೂ ಅಂಕಿಗೂ ನಿಲ್ಲುವ ಜಾಗಕ್ಕೂ ಎಂದೂ ಸಂಬಂಧವಿಲ್ಲ. ನಮ್ಮ ದ್ರಾವಿಡ್ ಸ್ಲಿಪ್‌ನಲ್ಲಿ ನಿಂತರೂ ವಿಕೆಟ್ಟಿನ ಹಿಂದೆ ನಿಂತರೂ 19. ಇದನ್ನು ತಪ್ಪೆನ್ನಲಾರೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಾಗ, ಮೈಸೂರು ರಾಜ್ಯದ ಹೆಸರಿನಲ್ಲಿ 1968–69ರಲ್ಲಿ ಗೆದ್ದ ಮೇಲೆ ಅದೇ ಮೊದಲು, ನಾನು ಮೊಮ್ಮಗನೊಡನೆ ಕುಳಿತು ಯಾವ ಅಂಕಿ ಎಲ್ಲಿ ಆಡುತ್ತಿದೆಯೆಂದು ಹುಡುಕುತ್ತಲೇ ಇದ್ದೆ. ಗೋಲುಗಳನ್ನು ಅವನೇ ಹೇಳಬೇಕಾಯಿತು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಮದುವೆಯೊಂದರಲ್ಲಿ ನಮ್ಮ ೫ ಸಿಕ್ಕಿದ. ಈಗ ಗಾರೆ ಮೇಸ್ತ್ರಿ. ಕೈಕೆಳಗೆ ಹತ್ತಾರು ಮಂದಿ ಕೆಲಸ ಮಾಡುತ್ತಾರೆ. ಮಗಳು ಓದಿ ಬ್ಯಾಂಕಿನಲ್ಲಿದ್ದಾಳೆ. ಮುಖ ಮುಖ ನೋಡಿಕೊಂಡು ಎಲೆಯ ಮುಂದೆ ಕುಳಿತ ಮೇಲೆ ಅವನು ಕೇಳಿದ ಮೊದಲ ಮಾತು, “ಐದನ್ನ ಯಾರಿಗೆ ಕೊಟ್ರೋ?” ನಾನು ಹೇಳಿದೆ. “ಅವನಾ? ಸಣ್ಣವನಲ್ವಾ? ಹೆಡ್ ಮಾಡ್ತಿದ್ನಾ?” ಎಂದ. ಮೊದಲ ಪಂದ್ಯದಲ್ಲಿ ಹುಡುಗ ಹೆದರಿ ನಡುವಿನ ಜಾಗ ಬಿಟ್ಟು ನನ್ನ ಕಡೆಗೇ ಬಂದು ನಿಲ್ಲುತ್ತಿದ್ದುದನ್ನೂ, ನಾಲ್ಕನೆಯ ಪಂದ್ಯದ ಹೊತ್ತಿಗೆ ನಿಂತು ಆಡುವುದನ್ನು ಕಲಿತದ್ದನ್ನೂ ಹೇಳಿದೆ. ಅವನು ಒಂದೊಂದು ಪಂದ್ಯದ ಬಗೆಗೂ ಕೇಳಿದ. ಬಡಿಸುವವರು ಎರಡು ಸಲ ಬಂದು ಹೋದರು. ಕೊನೆಗೆ, “ಅಂಗಿ ದೊಡ್ಡದಾಗಿರಬೇಕು ಅವನಿಗೆ,” ಎಂದು ನಕ್ಕು ಊಟಕ್ಕೆ ಕೈಹಾಕಿದ.

ಈಗ ನಮ್ಮ ಶಾಲೆಯ ಕನ್ನಡ ತರಗತಿಯ ಹಾಜರಿ ಒಂದು ಪುಟದಲ್ಲಿ ಮುಗಿಯುತ್ತದೆ; ನಮ್ಮ ಕಾಲಕ್ಕೆ ಎರಡು ಪುಟ ಸಾಲುತ್ತಿರಲಿಲ್ಲ. ಕಾರಣಗಳನ್ನು ಎಲ್ಲರೂ ಬಲ್ಲೆವು. ನಮ್ಮ ಮನೆಗಳಲ್ಲಿಯೇ ಅವು ಇವೆ. ಆದರೂ ಸಂಜೆ ಬಯಲಿಗೆ ಹೋದರೆ ಚೆಂಡು ಉರುಳುತ್ತಿರುತ್ತದೆ. ವಿನ್ಸೆಂಟ್ ಫೆರರ್ ಅವರು 1969ರಲ್ಲಿ ಅನಂತಪುರಕ್ಕೆ ಬಂದು ಆರಂಭಿಸಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ ಮುಂದೆ ಅಲ್ಲಿ ಕ್ರೀಡಾಗ್ರಾಮವನ್ನು ಕಟ್ಟಿದ ಮೇಲೆ ಜಿಲ್ಲೆಯ ಹಳ್ಳಿಹಳ್ಳಿಗೂ ಕಾಲ್ಚೆಂಡು ಹೋಗಿದೆ. ನಮ್ಮ ಕಾಲದಲ್ಲಿ ಟೆನ್ನಿಕಾಯ್ಟ್‌ನ ಉಂಗುರ ಬಿಟ್ಟರೆ ಬೇರೇನೂ ಮುಟ್ಟದ ಹೆಣ್ಣುಮಕ್ಕಳು ಈಗ ಗಂಡುಮಕ್ಕಳನ್ನು ದಾಟಿ ಚೆಂಡು ಒಯ್ಯುತ್ತಾರೆ. ಕಳೆದ ಬಾರಿ ಹೋದಾಗ ನಡುವೆ ನಿಂತು ಆಡುತ್ತಿದ್ದ ಹುಡುಗಿಯೊಬ್ಬಳ ಬೆನ್ನ ಮೇಲೆ ಪೇಟೆಯಲ್ಲಿ ಕೊಂಡ ಅಂಗಿಯ 10 ಇತ್ತು, ಯಾವುದೋ ಪರದೇಶದ ಆಟಗಾರನ ಹೆಸರಿನೊಡನೆ. ಆಟ ಮಾತ್ರ ಅವಳದು ಅಚ್ಚ ೫ರದು.

ಮಹೋತ್ಸವ ಸಮಿತಿಯವರು ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ ಎರಡು ತಂಡಗಳಿಗೆ ಹೊಸ ಅಂಗಿಗಳನ್ನು ಹೊಲಿಸಲು ತೀರ್ಮಾನಿಸಿದ್ದಾರೆ. ದೂರ ಹೋಗಬೇಕಾಗಿಲ್ಲ, ಸಿದ್ಧ ಉಡುಪಿಗೆ ಹೆಸರಾದ ರಾಯದುರ್ಗ ಪಕ್ಕದಲ್ಲೇ ಇದೆ. ದಾನಿಗಳ ಹೆಸರನ್ನು ಬೆನ್ನ ಮೇಲೆ ಅಚ್ಚು ಹಾಕಿಸೋಣವೇ ಎಂಬ ಮಾತು ಬಂದಿದೆಯಂತೆ. ನನ್ನ ಪಾಲಿನ ಹಣ ಕೊಡುತ್ತ ಸಮಿತಿಯವರಲ್ಲಿ ಎರಡು ಕೋರಿಕೆಗಳನ್ನು ಮುಂದಿಟ್ಟಿದ್ದೇನೆ. ಅಂಕಿಗಳು ಕನ್ನಡದಲ್ಲಿರಲಿ, ಬೇರೇನೂ ಬೇಡ. ಎರಡನೆಯದು, ಹನ್ನೊಂದಕ್ಕೆ ನಿಲ್ಲಿಸದೆ ೧೬ರವರೆಗೂ ಹೊಲಿಸಿರಿ. ನಮ್ಮ ಕಾಲದಲ್ಲಿ ಬದಲಿ ಆಟಗಾರನಿಗೆ ಅಂಗಿ ಇರುತ್ತಿರಲಿಲ್ಲ. ಹೊರಬಂದವನು ಬೆವರಿನಲ್ಲಿ ತೊಯ್ದ ಅಂಗಿಯನ್ನು ಗೆರೆಯ ಬಳಿ ಬಿಚ್ಚಿ ಕೊಡುವವರೆಗೆ ಅವನು ಬರಿಮೈಯಲ್ಲಿ ಕಾಯುತ್ತ ನಿಂತಿರಬೇಕಾಗಿತ್ತು. ಚಳಿಗಾಲದ ಬೆಳಗಿನ ಪಂದ್ಯಗಳಲ್ಲಿಯೂ.